ದಿಮ್ಮಿಯ ಫೂಟು, ಹಲಗೆಯ ಫೂಟು

ರಾಜೇಸಾಬ್ ಕಾಕಾರ ಕೈ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಭಾಗಾಕಾರ.

ಹುಬ್ಬಳ್ಳಿಯ ಆ ಕಟ್ಟಿಗೆ ಅಡ್ಡೆಯಲ್ಲಿ ಅಂದು ನಡೆದದ್ದನ್ನು ಬಲ್ಲವರೆಲ್ಲ ಇಂದಿಗೂ ಒಂದೇ ಕತೆ ಹೇಳುತ್ತಾರೆ. ಕ್ರೇನ್ ನಡೆಸುತ್ತಿದ್ದ ರಾಜೇಸಾಬ್ ಹುಡುಗಾಟ ಮಾಡಿದರು, ಮರದ ದಿಮ್ಮಿ ಬಿತ್ತು, ಬಸಣ್ಣನ ಕಾಲು ಹೋಯಿತು. ಆ ಕತೆ ಹುಟ್ಟಿದ್ದು ನನ್ನ ಬಾಯಿಯಲ್ಲಿ. ಪೂರ್ತಿ ಸುಳ್ಳನ್ನು ನಾನು ಹೇಳಲಿಲ್ಲ — ಅದಕ್ಕೂ ಒಂದು ಧೈರ್ಯ ಬೇಕು. ಒಂದು ವಾಕ್ಯದ ಕೊನೆಗೆ ‘ಏನೋ’ ಎಂದು ಸೇರಿಸಿದೆ. ಅಷ್ಟೇ ಸಾಕಾಯಿತು.

ಆಗ ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದವಳು. ಅಡ್ಡೆಯ ಮಾಲಕರಿಗೆ ಲೆಕ್ಕ ಬಲ್ಲವರೊಬ್ಬರು ಬೇಕಾಗಿದ್ದರು. ಊರಿನ ಹಲವು ವ್ಯಾಪಾರಿಗಳು ಸೇರಿ ಹೊರದೇಶದ ಮರವನ್ನು ಹಡಗಿನಲ್ಲಿ ತರಿಸತೊಡಗಿದ್ದ ಕಾಲ ಅದು. ಬಂದರಿನಿಂದ ಬರುವ ಕಾಗದಗಳಲ್ಲಿ ಎಲ್ಲವೂ ಘನ ಮೀಟರು — ಸಾವಿರಗಟ್ಟಲೆ. ಹುಬ್ಬಳ್ಳಿಯಲ್ಲಿ ಮರ ಕೊಳ್ಳುವ ಬಡಗಿಗೂ ಮನೆ ಕಟ್ಟಿಸುವವನಿಗೂ ಬೇಕಾದದ್ದು ಘನ ಅಡಿ. ಅಡ್ಡೆಯ ಬಾಯಲ್ಲಿ ಅದು ಬರೀ ‘ಫೂಟು’. ಮೀಟರನ್ನು ಫೂಟಾಗಿಸುವುದು ನನ್ನ ಕೆಲಸ.

ಕೇಳಿದರೆ ಇದೆಂಥ ಕೆಲಸ ಅನ್ನಿಸುತ್ತದೆ. ಆದರೆ ಅಡ್ಡೆಯಲ್ಲಿ ಫೂಟು ಒಂದಲ್ಲ, ಎರಡು. ಕೊಯ್ದ ಹಲಗೆಯಾದರೆ ಉದ್ದ, ಅಗಲ, ದಪ್ಪ ಗುಣಿಸಿದರೆ ಮುಗಿಯಿತು. ಒಂದು ಘನ ಮೀಟರಿಗೆ ಮೂವತ್ತೈದು ಫೂಟಿಗಿಂತ ಚೂರು ಹೆಚ್ಚು. ಕೊಯ್ಯದ ದುಂಡು ದಿಮ್ಮಿಗೆ ಬೇರೆ ರೀತಿ. ದಿಮ್ಮಿಯ ಸುತ್ತ ಟೇಪು ಹಿಡಿದು, ಆ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾರೆ. ಹಾಗೆ ಮಾಡಿದಾಗ ನಿಜವಾದ ಮರಕ್ಕಿಂತ ಕಡಿಮೆ ಬರುತ್ತದೆ — ಬೇಕೆಂದೇ. ಗರಗಸಕ್ಕೆ ಸಿಕ್ಕಿ ಹೊಟ್ಟಾಗಿ, ಸಿಪ್ಪೆಯಾಗಿ ಹೋಗುವ ಹೊರಮೈಯನ್ನು ಕೊಳ್ಳುವವನ ತಲೆಗೆ ಕಟ್ಟಬಾರದೆಂಬ ಹಳೆಯ ವ್ಯಾಪಾರದ ನ್ಯಾಯ ಅದು. ಈ ಲೆಕ್ಕದಲ್ಲಿ ಒಂದು ಘನ ಮೀಟರಿಗೆ ಇಪ್ಪತ್ತೆಂಟು ಫೂಟೂ ತುಂಬುವುದಿಲ್ಲ.

ನನಗೆ ಎರಡೂ ಗೊತ್ತಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಿಳಿಯದೆ ಮಾಡಿದೆ ಎಂಬ ನೆವ ನನಗಿಲ್ಲ. ಹಡಗಿನಲ್ಲಿ ಹತ್ತು ಸಾವಿರ ಘನ ಮೀಟರು ಮರ ಇದೆ ಎಂದರೆ ಹಲಗೆಯ ಲೆಕ್ಕಕ್ಕೆ ಮೂರೂವರೆ ಲಕ್ಷ ಫೂಟು, ದಿಮ್ಮಿಯ ಲೆಕ್ಕಕ್ಕೆ ಎರಡು ಲಕ್ಷ ಎಪ್ಪತ್ತೇಳು ಸಾವಿರ — ಕಾಗದವಿಲ್ಲದೆ ಹೇಳುತ್ತಿದ್ದೆ. ನಡುವೆ ಮುಕ್ಕಾಲು ಲಕ್ಷ ಫೂಟು ಎಲ್ಲಿ ಹೋಯಿತೆಂದು ವ್ಯಾಪಾರಿಗಳು ಗಾಬರಿಯಾದಾಗ, ಎಲ್ಲೂ ಹೋಗಿಲ್ಲ, ಮರ ಅಷ್ಟೇ ಇದೆ, ಫೂಟು ಬೇರೆ ಎಂದು ನಕ್ಕು ತಿಳಿಸುತ್ತಿದ್ದೆ. ಆ ನಗುವಿನಲ್ಲಿ ಒಂದು ಸೊಕ್ಕಿತ್ತು. ಈಗ ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ರಾಜೇಸಾಬ್ ಕಾಕಾ ಆಗ ಐವತ್ತರ ಮೇಲಿನವರು. ಬಾಯಿ ಬಹಳ. ಕ್ರೇನಿನ ಮುಂದಕ್ಕೆ ಚಾಚುವ ಕಬ್ಬಿಣದ ತೋಳಿಗೆ ಬೂಮ್ ಎನ್ನುತ್ತಾರೆ. ಅದನ್ನು ತೋರಿಸಿ, “ಇದರ ತುದೀಲಿಂದ ನಿಮ್ಮ ಚಾದ ಕಪ್ಪಿನ್ಯಾಗ ಸಕ್ಕರಿ ಹಾಕಿ ತೋರಸ್ತೇನ್ರಿ ಅಕ್ಕಾರ, ಬಸಿ ಮ್ಯಾಲ ಒಂದ ಹನಿ ಚೆಲ್ಲಂಗಿಲ್ಲ” ಎನ್ನುತ್ತಿದ್ದರು. ದಿಮ್ಮಿಗೆ ಸರಪಳಿ ಕಟ್ಟಿ, ಅದು ಗಾಳಿಯಲ್ಲಿ ತಿರುಗದಂತೆ ಹಗ್ಗ ಹಿಡಿದು ಜೊತೆಗೆ ನಡೆಯುತ್ತಿದ್ದವನು ಬಸಣ್ಣ. ನನ್ನ ಓರಗೆಯವನು. ಇಬ್ಬರದೂ ದಿನವಿಡೀ ಜಗಳ.

“ಲೇ ಬಸ್ಯಾ, ಹಗ್ಗ ಹಿಡದೀಯೋ, ಎಮ್ಮಿ ಮೂಗದಾಣ ಹಿಡದೀಯೋ?”

“ನೀವು ಕ್ರೇನ್ ನಡಸ್ತೀರೋ, ಟಾಂಗಾ ಹೊಡೀತೀರೋ, ಮೊದಲ ಅದನ್ನ ಹೇಳ್ರಿ ಕಾಕಾ.”

ಜಗಳ ಬಾಯಲ್ಲಷ್ಟೇ. ರಮಜಾನಿಗೆ ಕಾಕಾರ ಮನೆಯ ಹಾಲು-ಶಾವಿಗೆಯ ಸುರಕುಂಬಾ ಮೊದಲು ಹೋಗುತ್ತಿದ್ದದ್ದು ಬಸಣ್ಣನ ಮನೆಗೆ. ಯುಗಾದಿಯ ಹೋಳಿಗೆಯನ್ನು ಬಸಣ್ಣನ ತಾಯಿ ಕಾಕಾರಿಗೆಂದು ಬೇರೆ ತೆಗೆದಿಡುತ್ತಿದ್ದಳು. ಒಬ್ಬ ಮೇಲೆ ಕುಳಿತು ಎತ್ತುವವನು, ಒಬ್ಬ ಕೆಳಗೆ ನಿಂತು ನಡೆಸುವವನು — ಮೇಲಿನವನ ಕೈಯಲ್ಲಿ ಕೆಳಗಿನವನ ಜೀವ ಇರುತ್ತದೆ. ಆ ನಂಬಿಕೆಯಿಂದಲೇ ಅಷ್ಟು ಸಲೀಸಾಗಿ ಬೈದಾಡಿಕೊಳ್ಳುತ್ತಿದ್ದರು. ಆ ನಂಬಿಕೆಯನ್ನೇ ನಾನು…

ಅಂದಿನ ಬೆಳಗ್ಗೆಯೆಲ್ಲ ನಾನು ಕೊಯ್ದ ಹಲಗೆಯ ಲೆಕ್ಕ ಮಾಡುತ್ತಿದ್ದೆ. ಹಡಗಿನ ಸರಕು ಪೂರ್ತಿ ಹಲಗೆ. ಮೂವತ್ತೈದು, ಮೂವತ್ತೈದು, ಮೂವತ್ತೈದು — ಕೈಗೆ, ನಾಲಿಗೆಗೆ ಅದೇ ರೂಢಿಯಾಗಿತ್ತು. ಮಧ್ಯಾಹ್ನ ಹೊರಗೆ ಬಂದಾಗ ಕಾಕಾ ಒಂದು ದೊಡ್ಡ ದಿಮ್ಮಿಯ ಮುಂದೆ ಕ್ರೇನ್ ನಿಲ್ಲಿಸಿಕೊಂಡಿದ್ದರು. ದಿಮ್ಮಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಎಂಬತ್ತು ಫೂಟು. ಅದನ್ನು ಜೋಡಿಸಿಟ್ಟ ದಿಮ್ಮಿಗಳ ಒಂದು ಸಾಲಿನಾಚೆ ಇಡಬೇಕಿತ್ತು. ನಿಂತಲ್ಲಿಂದಲೇ ಇಡುವುದಾದರೆ ಬೂಮನ್ನು ಉದ್ದ ಚಾಚಬೇಕು. ಬೂಮ್ ಉದ್ದವಾದಷ್ಟೂ ಕ್ರೇನ್ ಹೊರುವ ಭಾರ ಕಡಿಮೆ.

ಬಾಯಿಬಡುಕ ಎಂದು ಹೆಸರಾಗಿದ್ದ ಆ ಮನುಷ್ಯ ಅಂದು ಎತ್ತುವ ಮೊದಲು ಕೇಳಿದರು. ಇದನ್ನು ಎಲ್ಲರೂ ಓದಬೇಕು. ಅವರು ಕೇಳಿದರು.

“ಇಷ್ಟು ಉದ್ದಕ್ಕ ನನ್ನ ಗಾಡಿ ಎರಡೂವರಿ ಟನ್ ಹೊರತೈತ್ರಿ. ಅದರ ಒಳಗ ಇದ್ರ ಇಲ್ಲಿಂದನ ಎತ್ತತೇನಿ. ಹೊರಗ ಹೋದ್ರ ಸಾಲು ಬಿಚ್ಚಿಸಿ ಹತ್ರ ಹೋಗತೇನಿ. ಎಷ್ಟ ಆಗತೈತಿ, ನೋಡಿ ಹೇಳ್ರಿ ಅಕ್ಕಾರ.”

“ಕ್ಯಾಲ್ಕುಲೇಟರ್ ತರ್ಲೇನ್ರಿ?” ಎಂದ ಬಸಣ್ಣ.

“ಲೇ, ಧಾರವಾಡದಾಗ ಕಲತ ಬಂದಾರವರು. ಅವರ ತಲಿಗೆ ಬ್ಯಾಟರಿ ಬೇಕಾಗಂಗಿಲ್ಲ” ಎಂದರು ಕಾಕಾ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಉತ್ತರ ಹೇಳಿಬಿಡಬೇಕು ಅನ್ನಿಸಿತು — ಅಷ್ಟೇ ಕಾರಣ. ಎಂಬತ್ತನ್ನು ಮೂವತ್ತೈದರಿಂದ ಭಾಗಿಸಿದೆ. ಎರಡು ಚಿಲ್ಲರೆ ಘನ ಮೀಟರು. ಹಸಿ ಮರ, ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್.

“ಎರಡೂಕಾಲು ಟನ್ ಕಾಕಾ. ಆರಾಮ ಎತ್ರಿ.”

ನನ್ನ ಎದುರಿಗಿದ್ದದ್ದು ದುಂಡು ದಿಮ್ಮಿ. ಹಲಗೆಯಲ್ಲ. ಇಪ್ಪತ್ತೆಂಟರಿಂದ ಭಾಗಿಸಬೇಕಿತ್ತು. ಆಗ ಹತ್ತಿರ ಹತ್ತಿರ ಮೂರು ಟನ್ ಬರುತ್ತಿತ್ತು. ಹೊರಮೈಯನ್ನು ಲೆಕ್ಕದಿಂದ ಬಿಟ್ಟುಕೊಟ್ಟದ್ದು ವ್ಯಾಪಾರ. ಕ್ರೇನ್ ಏನನ್ನೂ ಬಿಟ್ಟುಕೊಡುವುದಿಲ್ಲ, ಅದು ಇಡೀ ಮರವನ್ನು ಎತ್ತಬೇಕು. ನೆಲವೂ ಸಮವಿರಲಿಲ್ಲ ಎನ್ನಬಹುದು — ಎನ್ನುವುದಿಲ್ಲ.

ದಿಮ್ಮಿ ಮೇಲೆದ್ದಿತು. ಸರಪಳಿ ಬಿಗಿದು ಒಮ್ಮೆ ಕಿರುಗುಟ್ಟಿತು. ನಾನು ಸಾಲಿನ ಪಕ್ಕದಲ್ಲಿ, ಇಡಬೇಕಾದ ಜಾಗ ತೋರಿಸುತ್ತ ಕೈ ಎತ್ತಿ ನಿಂತಿದ್ದೆ. ಬೂಮ್ ಚಾಚಿಕೊಳ್ಳುತ್ತ ಬಂತು. ಆಗ ಕ್ರೇನಿನ ಹಿಂದಿನ ಗಾಲಿಗಳು ನೆಲ ಬಿಟ್ಟದ್ದನ್ನು ಕಂಡೆ. ಗಾಲಿಗೂ ನೆಲಕ್ಕೂ ನಡುವೆ ಬೆಳಕು ಕಾಣಿಸಿತು — ಒಂದು ತೆಳ್ಳಗಿನ ಗೀಟು. ಇಂದಿಗೂ ಬಾಗಿಲ ಸಂದಿಯಲ್ಲಿ ಬೆಳಕು ಕಂಡರೆ ಎದ್ದು ಹೋಗಿ ಬಟ್ಟೆ ತುರುಕಿ ಮುಚ್ಚುತ್ತೇನೆ. ದಿಮ್ಮಿ ನೇರ ನನ್ನ ಕಡೆಗೆ ತೂಗಿ ಬಂತು. ಅದರ ನೆರಳು ಮೊದಲು ಬಂತು, ಆಮೇಲೆ ಹಸಿಮರದ ವಾಸನೆ, ಆಮೇಲೆ ಗಾಳಿ — ನನ್ನ ಎದೆಯ ಮುಂದೆ ಹಾದುಹೋದ ಅದರ ಗಾಳಿ. ಕಾಕಾ ಏನೋ ಕೂಗಿದರು. ಬೂಮನ್ನು ಪಕ್ಕಕ್ಕೆ ಹೊರಳಿಸುವ ಸ್ಟೀರಿಂಗನ್ನು ಮೈಯೆಲ್ಲ ಹಾಕಿ ತಿರುಗಿಸುತ್ತಿದ್ದರು. ದಿಮ್ಮಿ ನನ್ನನ್ನು ಬಿಟ್ಟು ಆಚೆ ಹೊರಳಿತು. ಆಚೆ ಬಸಣ್ಣನಿದ್ದ. ಹಗ್ಗ ಬಿಟ್ಟಿರಲಿಲ್ಲ.

ಅವರು ಅದನ್ನು ನನ್ನಿಂದ ತಪ್ಪಿಸಲು ತಿರುಗಿಸಿದರೋ, ಅದು ತಾನಾಗಿ ತಿರುಗಿತೋ? ಎಷ್ಟು ಸಲ ಆ ಕ್ಷಣವನ್ನು ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಪ್ರತಿ ಸಲವೂ ನೆರಳು, ವಾಸನೆ, ಗಾಳಿ. ಅದರಾಚೆಗೆ ಏನೂ ಕಾಣುವುದಿಲ್ಲ.

ಬಸಣ್ಣನನ್ನು ಜೀಪಿನಲ್ಲಿ ಹಾಕಿಕೊಂಡು ಸತ್ತೂರಿನ ಆಸ್ಪತ್ರೆಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ನವನಗರ ದಾಟುವಾಗ, ಅವನು ನರಳುತ್ತಿರುವಾಗಲೇ, ನನ್ನ ತಲೆಯೊಳಗೆ ಒಂದು ಸಂಖ್ಯೆ ಬಂತು: ಇಪ್ಪತ್ತೆಂಟು. ಯಾರೂ ಕೇಳಿರಲಿಲ್ಲ. ತಾನಾಗಿ ಬಂತು. ಮತ್ತೊಮ್ಮೆ ಭಾಗಿಸಿದೆ. ಮತ್ತೂ ಒಮ್ಮೆ. ಉತ್ತರ ಬದಲಾಗಲಿಲ್ಲ.

ಹಾಗಾಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಕಾ ನನ್ನ ಎದುರು ಬಂದು ನಿಂತಾಗ ನನಗೆ ಎಲ್ಲ ಗೊತ್ತಿತ್ತು. ಒಳಗೆ ಬಸಣ್ಣನ ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕೆಂದು ಆಗಷ್ಟೇ ಹೇಳಿದ್ದರು. ಮಾಲಕರಿದ್ದರು, ಅಡ್ಡೆಯ ಮಂದಿಯೆಲ್ಲ ಇದ್ದರು. ಕಾಕಾರ ಅಂಗಿಗೆ ಬಸಣ್ಣನ ರಕ್ತ ಮೆತ್ತಿತ್ತು.

“ಅಕ್ಕಾರ, ನೀವು ಎದುರಿಗೇ ನಿಂತಿದ್ರಿ. ಖರೇ ಹೇಳ್ರಿ. ನಾ ಬೂಮ್ ಜಾಸ್ತಿ ಬಿಟ್ಟೆನೇನ್ರಿ?”

ನನ್ನ ಲೆಕ್ಕದ ಮೇಲೆ ಅವರಿಗೆ ಸಂಶಯವೇ ಬಂದಿರಲಿಲ್ಲ. ಎರಡೂಕಾಲು ಟನ್ ಎಂದು ಅಕ್ಕಾರು ಹೇಳಿದ ಮೇಲೆ ಅದು ಎರಡೂಕಾಲು ಟನ್ನೇ. ಹಾಗಾದರೆ ಗಾಡಿ ಏಕೆ ಎದ್ದಿತು? ತನ್ನ ಕೈಯೇ ತಪ್ಪಿರಬೇಕು. ಅವರು ಆರೋಪದಿಂದ ಪಾರಾಗಲು ಕೇಳಲಿಲ್ಲ — ತಿಳಿದುಕೊಳ್ಳಲು ಕೇಳಿದರು. ನಾನು ಅವರ ಕಣ್ಣು ಬಿಟ್ಟು ಅಂಗಿಯ ಗುಂಡಿಯನ್ನು ನೋಡುತ್ತ ಹೇಳಿದೆ:

“ಸ್ವಲ್ಪ ಜಾಸ್ತಿ ಹೋತೇನೋ, ಕಾಕಾ.”

ಏನೋ.

“ಆತಲ್ಲ!” ಎಂದರು ಮಾಲಕರು. “ಹಾರಾಟ, ಬರೇ ಹಾರಾಟ. ಒಂದ ದಿನ ಹಿಂಗ ಆಗೋದ ಇತ್ತು.” ಅಡ್ಡೆಯವರು ಹೌದೆಂದು ತಲೆಯಾಡಿಸಿದರು. ಚಹದ ಕಪ್ಪಿಗೆ ಸಕ್ಕರೆ ಹಾಕುವ ಮಾತು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಕಾಕಾ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

ಮರುವಾರ ಅವರೇ ಬಂದು ಕ್ರೇನಿನ ಕೀಲಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟರು. “ಬ್ಯಾರೆ ಯಾರಿಗರೆ ಕೊಡ್ರಿ. ನನ್ನ ಕೈ ಮ್ಯಾಲಿನ ನಂಬಿಕಿ ಹೋತ್ರಿ.” ನಾನು ಕೀಲಿ ತೆಗೆದುಕೊಂಡೆ. ತೆಗೆದುಕೊಂಡು ಡ್ರಾದೊಳಗಿಟ್ಟೆ.

ಇನ್ನೊಂದನ್ನೂ ಹೇಳಬೇಕು. ಆ ದಿಮ್ಮಿ ಅಂಗಳದಲ್ಲಿ ಬಿದ್ದೇ ಇತ್ತು. ಯಾರಾದರೂ ಅದನ್ನು ಲಾರಿಗೆ ಹಾಕಿ ತೂಕದ ಕಾಟಾಕ್ಕೆ ಒಯ್ದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. “ಅದನ್ನ ನೋಡಾಕ ಆಗವಲ್ದು, ಲಗೂ ಕೊಯ್ಸಿ ಬಿಡೋಣ್ರಿ” ಎಂದು ಮಾಲಕರಿಗೆ ನಾನೇ ಹೇಳಿದೆ. ಹೆಣ್ಣುಮಗಳ ಮನಸ್ಸು ಮೆತ್ತಗೆ ಎಂದುಕೊಂಡು ಅವರು ಒಪ್ಪಿದರು. ಗರಗಸದ ಮುಂದೆ ನಿಂತು ಕೊಯ್ಯಿಸಿದೆ. ಸಿಪ್ಪೆ ಉರುವಲಿಗೆ ಹೋಯಿತು, ಹೊಟ್ಟು ಗಾಳಿಗೆ ಹೋಯಿತು. ಉಳಿದದ್ದು ಅಚ್ಚುಕಟ್ಟಾದ ಹಲಗೆಗಳು. ಈಗ ಅದನ್ನು ಮೂವತ್ತೈದರಿಂದ ಭಾಗಿಸಬಹುದಿತ್ತು. ನನ್ನ ತಪ್ಪು ಉತ್ತರಕ್ಕೆ ಸರಿಹೊಂದುವಂತೆ ನಾನು ಮರವನ್ನೇ ಕತ್ತರಿಸಿದ್ದೆ.

ಅಡ್ಡೆಯಲ್ಲಿ ಒಂದು ಹೊಸ ಮಾತು ಹುಟ್ಟಿತು. ಯಾರಾದರೂ ಅಜಾಗರೂಕತೆ ಮಾಡಿದರೆ, “ಲೇ, ರಾಜೇಸಾಬ್ ಮಾಡಬ್ಯಾಡಲೇ!” ಎನ್ನುವರು. ಒಬ್ಬ ಮನುಷ್ಯನ ಹೆಸರು ಬೈಗುಳವಾಯಿತು. ಅವರನ್ನು ಕಣ್ಣಾರೆ ಕಾಣದವರೂ ಹಾಗೆ ಅನ್ನುತ್ತಿದ್ದರು. ನಾನು ಅದೇ ಅಂಗಳದಲ್ಲಿ ಕೂತು ಮೀಟರನ್ನು ಫೂಟು ಮಾಡುತ್ತಿದ್ದೆ.

ಮುಂದಿನ ರಮಜಾನಿಗೆ ಕಾಕಾ ಬಸಣ್ಣನ ಮನೆಗೆ ಸುರಕುಂಬಾದ ಡಬ್ಬಿ ಕಳಿಸಿದರು. ಬಸಣ್ಣ ಮುಚ್ಚಳ ತೆಗೆಯದೆ ತಿರುಗಿ ಕಳಿಸಿದ.

ಆಮೇಲೆ ನನಗೆ ಧಾರವಾಡದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನವನಗರದಲ್ಲಿ ಮನೆ ಮಾಡಿದೆ. ಏಕಮಾನ ಬರೆಯದ ಉತ್ತರ ಉತ್ತರವೇ ಅಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಬಸಣ್ಣ ಈಗ ಇಲ್ಲೇ ಸಮೀಪ ಕಾಯಿಪಲ್ಲೆ ಅಂಗಡಿ ಇಟ್ಟಿದ್ದಾನೆ. ಕೃತಕ ಕಾಲನ್ನು ಕುರ್ಚಿಯ ಕೆಳಗೆ ಚಾಚಿ ಕೂತಿರುತ್ತಾನೆ. ನಾನು ಹೋದರೆ ಒಳ್ಳೆಯ ಮೆಂತ್ಯದ ಸೂಡನ್ನು ಹುಡುಕಿ ಕೊಡುತ್ತಾನೆ. ಪಕ್ಕದಲ್ಲಿದ್ದವರಿಗೆ ಹೇಳುತ್ತಾನೆ: “ಅವತ್ತ ಎಲ್ಲಾರೂ ಬಾಯಿ ಮುಚಗೊಂಡ ನಿಂತಿದ್ರು. ಇವರೊಬ್ರ ಎದುರಿಗೆ ನಿಂತು ಖರೇ ಹೇಳಿದವರು.” ನಾನು ಮೆಂತ್ಯವನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಒಮ್ಮೆ ಕಾಕಾರ ಹೆಸರೆತ್ತಿ ನೋಡಿದೆ. “ಅವನ ಸುದ್ದಿ ಬ್ಯಾಡ್ರಿ. ನನ್ನ ಕಾಲ ಮ್ಯಾಲ ಸರ್ಕಸ್ ಮಾಡಿದಾಂವ” ಎಂದ. ಅಷ್ಟು ಹೊತ್ತಿನಲ್ಲಿ ಸತ್ಯ ನನ್ನ ಬಾಯಿಯ ತನಕ ಬಂದಿತ್ತು ಎಂದು ಬರೆದರೆ ಅದೂ ಸುಳ್ಳು. ಬಂದಿರಲಿಲ್ಲ. ಕೊತ್ತಂಬರಿ ಇದೆಯೇ ಎಂದು ಕೇಳಿದೆ.

ಈ ಬೇಸಿಗೆಯಲ್ಲಿ ಕೆಲಗೇರಿಯ ಕೆರೆಯ ಹತ್ತಿರ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ಒಂದು ಟೈರಿನ ಅಂಗಡಿಯ ಮುಂದೆ ನಿಲ್ಲಿಸಿದೆ. ಒಳಗೆ ಕುರ್ಚಿಯಲ್ಲಿ ರಾಜೇಸಾಬ್ ಕಾಕಾ. ಗಡ್ಡವೆಲ್ಲ ಬೆಳ್ಳಗೆ. ಅದು ಅವರ ಮಗಳ ಗಂಡನ ಅಂಗಡಿ, ಹಿಂದೆಯೇ ಮನೆ. “ಅರೇ, ಲೆಕ್ಕದ ಅಕ್ಕಾರ!” ಎಂದು ಎದ್ದರು. ಆ ಸಂತೋಷ — ಅದನ್ನು ನಾನು ಹೇಗೆ ತಡೆದುಕೊಳ್ಳಲಿ? ಅಳಿಯ ಗಾಲಿ ಬಿಚ್ಚಿದ. ಕಾಕಾ ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲ.

ಮಗಳು ಚಹ ತಂದಳು. ಸೊಂಟದ ಮೇಲೆ ಕೂಸಿತ್ತು. “ಅಬ್ಬಾ, ಚೂರು ಹಿಡೀರಿ, ಒಲಿ ಮ್ಯಾಲ ಹಾಲೈತಿ” ಎಂದಳು ತಂದೆಗೆ. ಕಾಕಾ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. “ನೆಲದ ಮ್ಯಾಲ ಕುಂದ್ರಸು.” ಅವಳು ಕೂಸನ್ನು ಚಾಪೆಯ ಮೇಲೆ ಕೂರಿಸಿ, ನನ್ನ ಕಡೆ ನೋಡಿ ನಕ್ಕಳು. “ಯಾವ ಕೂಸನ್ನೂ ಎತ್ತಂಗಿಲ್ರಿ ಇವರು. ನನ್ನ ಮೂರೂ ಮಕ್ಕಳನ್ನ ಒಮ್ಮಿನೂ ಎತಗೊಂಡಿಲ್ಲ.”

“ನನ್ನ ಕೈ ಛಲೋ ಇಲ್ಲವ್ವಾ” ಎಂದರು ಕಾಕಾ, ಮಗಳಿಗೆ. ತಮಾಷೆಯಂತೆ ಅಂದರು. ತಮಾಷೆಯಾಗಿರಲಿಲ್ಲ.

ನಾನು ಹೇಳಿದೆ. ಚಹದ ಲೋಟವನ್ನು ಕೆಳಗಿಟ್ಟು, ಎರಡು ಫೂಟುಗಳ ವಿಷಯ ಹೇಳಿದೆ. ಎರಡೂಕಾಲು ಅಲ್ಲ, ಮೂರು ಎಂದೆ. ಜೀಪಿನಲ್ಲೇ ತಿಳಿದಿತ್ತು ಎಂದೆ. ದಿಮ್ಮಿ ಕೊಯ್ಯಿಸಿದ್ದನ್ನೂ ಹೇಳಿದೆ. ಅಳಿಯನ ಸುತ್ತಿಗೆಯ ಸದ್ದು ನಿಂತಿತು. ಕಾಕಾ, “ಹಂಗಾದ್ರ… ಬೂಮ್ ಬರೋಬ್ಬರಿ ಇತ್ತೇನ್ರಿ?” ಎಂದರು.

“ಬರೋಬ್ಬರಿ ಇತ್ತು, ಕಾಕಾ.”

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಕ್ಷಮಿಸಿಯಾರು ಎಂದೂ ಒಳಗೊಳಗೇ ಆಸೆ ಇದ್ದಿರಬೇಕು — ಇತ್ತು. ಅವರು ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು, ಬೇರೆ ಯಾರದೋ ಕೈ ಹಿಡಿದಂತೆ.

“ಈ ಕೈಗೆ ನಾ ಎಷ್ಟ ಬೈದೇನಿ ಗೊತ್ತೇನ್ರಿ ನಿಮಗ?”

ಸ್ಕೂಟರ್ ಸಿದ್ಧವಾಗಿತ್ತು. ಏಳುವಾಗ ಕಾಕಾ ನನ್ನ ಮುಖ ನೋಡದೆ ಹೇಳಿದರು: “ಅವತ್ತ ಮಂದಿ ಮುಂದ ಅಂದ್ರಿ. ನನ್ನ ಕಿವ್ಯಾಗ ಹೇಳಿದ್ರ ಏನಾತು? ಮಂದಿ ಮುಂದ ಹೇಳ್ರಿ. ಬಸ್ಯಾಗ ಮೊದಲ ಹೇಳ್ರಿ.” ಚಾಪೆಯ ಮೇಲಿದ್ದ ಕೂಸು ಅಳತೊಡಗಿತ್ತು. ಕಾಕಾರ ಕೈಗಳು ಮೊಣಕಾಲ ಮೇಲಿಂದ ಚೂರು ಎದ್ದವು — ಮತ್ತೆ ಅಲ್ಲಿಗೇ ಬಂದು ಕೂತವು. ಕೈಗೆ ಲೆಕ್ಕ ತಿದ್ದಿ ಹೇಳಿದರೆ ತಿಳಿಯುವುದಿಲ್ಲ. ಮಗಳೇ ಬಂದು ಎತ್ತಿಕೊಂಡಳು.

ಅದಕ್ಕೇ ಇದನ್ನು ಬರೆದೆ. ಮಂದಿ ಮುಂದೆ. ಇದು ಅಚ್ಚಾಗುವ ಮೊದಲು ಬಸಣ್ಣನ ಅಂಗಡಿಗೆ ಹೋಗಬೇಕು. ನಾಳೆ ಬೆಳಗ್ಗೆ, ಗಿರಾಕಿಗಳಿರುವ ಹೊತ್ತಿಗೇ ಹೋಗುತ್ತೇನೆ. ಅವನಿಗೆ ಇನ್ನು ನನ್ನ ಮುಖ ಬೇಡವಾಗಬಹುದು. ಆಗಲಿ. ಕಾಕಾರ ಮನೆಯ ಡಬ್ಬಿಯ ಮುಚ್ಚಳವನ್ನು ಅವನು ತೆಗೆಯುತ್ತಾನೋ ಇಲ್ಲವೋ, ಅದನ್ನು ಕೇಳುವ ಹಕ್ಕೂ ನನಗಿಲ್ಲ.

ಇವತ್ತು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಆ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದೆ. “ಬಸಣ್ಣ, ಅವತ್ತ ಲೆಕ್ಕ ತಪ್ಪಿದಾಕಿ ನಾನ…” ಕೊನೆಗೆ ನಾಲಿಗೆ ತಾನಾಗಿ ‘ಏನೋ’ ಎಂದಿತು. ಒಲೆ ಆರಿಸಿದೆ. ಮೊದಲಿನಿಂದ ಮತ್ತೆ ಹೇಳಿದೆ.